ದಾಸ್ತಾನಿನಲ್ಲಿ ಸೇರದ ಗುಬ್ಬಚ್ಚಿಗಳು

ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಮಾರ್ಚ್ 31 ವರ್ಷದಲ್ಲೇ ಅತಿ ಹೆಚ್ಚು ಧೂಳು ಕುಡಿಯುವ ದಿನ. ಮಂಗಳೂರಿನ ಹಳೆ ಬಂದರಿನ ಅಕ್ಕಿ ಗೋದಾಮಿನಲ್ಲಿ ನಿಂತು, ಅಟ್ಟಿ ಅಟ್ಟಿಯಾಗಿ ಪೇರಿಸಿದ ಮೂಟೆಗಳನ್ನು ಎಣಿಸಿ, ಆ ಸಂಖ್ಯೆಯನ್ನು ವ್ಯಾಪಾರಿಯ ಪುಸ್ತಕದೊಂದಿಗೆ ತಾಳೆ ನೋಡಿ, ಸಹಿ ಹಾಕಿಸಿಕೊಂಡು ಬರುವುದು ಆ ದಿನದ ಕೆಲಸ. ಎರಡು ವರ್ಷದ ಹಿಂದೆ ಅಂಥ ಒಂದು ಗೋದಾಮಿನಲ್ಲಿ ಒಂದೇ ಅಟ್ಟಿಯನ್ನು ಮೂರು ಸಲ ಎಣಿಸಬೇಕಾಯಿತು. ಹಂಚಿನ ಮಾಡಿನಿಂದ ಎಡೆಬಿಡದೆ ಕೇಳಿಬರುತ್ತಿದ್ದ ಚಿಂವ್ ಚಿಂವ್ ಸದ್ದು ಪ್ರತಿ ಬಾರಿಯೂ ನನ್ನ ಲೆಕ್ಕವನ್ನು ಅರ್ಧಕ್ಕೇ ಕಡಿಯುತ್ತಿತ್ತು. ತಲೆಯೆತ್ತಿದರೆ ಪಕ್ಕಾಸಿನ ಮೇಲೆ ಗುಬ್ಬಚ್ಚಿಗಳು ಸಾಲಾಗಿ ಕುಳಿತಿದ್ದವು. "ಅವನ್ನೂ ಬರೆದುಕೊಳ್ಳಿ, ನಮ್ಮ ಅಕ್ಕಿಯಲ್ಲೇ ಬೆಳೆದವುಗಳು" ಎಂದು ಗೋದಾಮಿನ ಮೇಸ್ತ್ರಿ ನಕ್ಕರು.

ನಾನು ನಗಲಿಲ್ಲ, ಏಕೆಂದರೆ ನನಗೆ ನಾಚಿಕೆಯಾಗಿತ್ತು. ಕೇವಲ ಹನ್ನೊಂದು ದಿನಗಳ ಹಿಂದೆ, ಅಂದರೆ 2010ರಿಂದ ವಿಶ್ವ ಗುಬ್ಬಚ್ಚಿ ದಿನವೆಂದು ಆಚರಿಸಲಾಗುತ್ತಿರುವ ಮಾರ್ಚ್ 20ರಂದು, ಗುಬ್ಬಚ್ಚಿಗಳು ನಮ್ಮ ಊರನ್ನು ಬಿಟ್ಟೇಹೋದವು ಎಂಬ ಅರ್ಥದ ಸಂದೇಶವೊಂದನ್ನು ನಾನು ಹತ್ತಾರು ಮಂದಿಗೆ ಕಳುಹಿಸಿದ್ದೆ. ಮದುವೆ ಮನೆಗಳಲ್ಲಿ, ಊಟದ ಪಂಕ್ತಿಯಲ್ಲಿ ಹಳೆಯ ಕಾಲದ ಮಾತು ಬಂದಾಗಲೆಲ್ಲ ನಾನೂ ನಿಟ್ಟುಸಿರು ಬಿಟ್ಟವನೇ. ಲೆಕ್ಕ ನೋಡದೆ ಸಹಿ ಹಾಕಬಾರದೆಂದು ಕಿರಿಯರಿಗೆ ಪಾಠ ಹೇಳುವ ನಾನು, ಒಂದು ಹಕ್ಕಿಯ ಸಾವಿನ ಪತ್ರಕ್ಕೆ ನೋಡದೆಯೇ ಸಹಿ ಹಾಕಿದ್ದೆ. ನೋಡಬೇಕು, ಎಣಿಸಬೇಕು, ಬರೆದಿಡಬೇಕು ಎಂಬ ತೀರ್ಮಾನ ಆ ಸಂಜೆ ಆಯಿತು.

ಮೊದಲು ನನ್ನ ಬೀದಿಯಿಂದಲೇ ಆರಂಭಿಸಿದೆ. ನಾನಿರುವುದು ಮಣ್ಣಗುಡ್ಡೆಯ ಒಂದು ವಸತಿ ಸಮುಚ್ಚಯದ ಮೂರನೆಯ ಮಹಡಿಯಲ್ಲಿ. ನೆರೆಯವರನ್ನು ಕೇಳಿದರೆ ಇಬ್ಬರು ಖಡಾಖಂಡಿತವಾಗಿ "ನಮ್ಮ ಬಾಲ್ಕನಿಗೆ ದಿನಾ ಗುಬ್ಬಿ ಬರುತ್ತದೆ" ಎಂದರು. ಆಸೆಯಿಂದ ಹೋಗಿ ಕುಳಿತೆ. ಒಂದು ಮನೆಗೆ ಬರುತ್ತಿದ್ದದ್ದು ಸೂರಕ್ಕಿ; ದಾಸವಾಳದ ಹೂವಿಗೆ ಬಾಗಿದ ಕೊಕ್ಕನ್ನು ಇಳಿಸಿ ಮಕರಂದ ಹೀರುವ ಆ ಪುಟ್ಟ ಹಕ್ಕಿಯನ್ನು ನಮ್ಮಲ್ಲಿ ಹೂಗುಬ್ಬಿ ಎನ್ನುವುದೂ ಉಂಟು. ಇನ್ನೊಂದು ಮನೆಯ ಹಕ್ಕಿ ರಾಟವಾಳ. ಅದರ ಕೊಕ್ಕು ಗುಬ್ಬಚ್ಚಿಯದರಂತೆಯೇ ಕಾಳು ಒಡೆಯುವ ದಪ್ಪ ಕೊಕ್ಕು, ಗಾತ್ರ ಮಾತ್ರ ಸ್ವಲ್ಪ ಚಿಕ್ಕದು. ಎದೆಯ ಮೇಲೆ ಮೀನಿನ ಹುರುಪೆಯಂಥ ಗೆರೆಗಳಿರುತ್ತವೆ. ಖಾಲಿ ನಿವೇಶನದ ಹುಲ್ಲಿನ ತೆನೆಗೆ ಜೋತು ಬೀಳುವ ಈ ಹಕ್ಕಿ ಗುಬ್ಬಚ್ಚಿಯ ಹೆಸರಿನಲ್ಲಿ ಬಹಳ ಮನೆಗಳಲ್ಲಿ ಓಡಾಡುತ್ತಿದೆ. ಗುಬ್ಬಚ್ಚಿ ಇಲ್ಲ ಎಂದ ನನ್ನ ತಪ್ಪು ಎಷ್ಟು ದೊಡ್ಡದೋ, ಇದೆ ಎಂದ ಅವರ ತಪ್ಪೂ ಅಷ್ಟೇ ದೊಡ್ಡದು. ಇಬ್ಬರೂ ಕೊಕ್ಕನ್ನು ನೋಡಿರಲಿಲ್ಲ.

ಪಕ್ಷಿವೀಕ್ಷಣೆಯ ಗೀಳಿದ್ದ ಸಹೋದ್ಯೋಗಿಯೊಬ್ಬರು ಇ-ಬರ್ಡ್ ಎಂಬ ಜಾಲತಾಣದಲ್ಲಿ ಪಟ್ಟಿ ಸಲ್ಲಿಸುವುದನ್ನು ಹೇಳಿಕೊಟ್ಟರು. ಅಲ್ಲಿನ ಕ್ರಮ ನನ್ನ ವೃತ್ತಿಗೆ ಬಹಳ ಹತ್ತಿರದ್ದು. ಎಲ್ಲಿ ನಿಂತಿರಿ, ಎಷ್ಟು ಹೊತ್ತಿಗೆ ಆರಂಭಿಸಿದಿರಿ, ಎಷ್ಟು ನಿಮಿಷ ನೋಡಿದಿರಿ, ನಡೆದಿದ್ದರೆ ಎಷ್ಟು ದೂರ ಎಂಬುದನ್ನು ಮೊದಲು ಬರೆಯಬೇಕು. ಆಮೇಲೆ ಕಂಡ ಹಕ್ಕಿಗಳ ಸಂಖ್ಯೆ. ಕೊನೆಯಲ್ಲಿ ಒಂದು ಪ್ರಶ್ನೆ: ನೀವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಈ ಪಟ್ಟಿಯಲ್ಲಿ ಸೇರಿಸಿದ್ದೀರಾ? ಹೌದು ಎಂದು ಉತ್ತರಿಸಿದರೆ ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಮಾಹಿತಿಯಾಗುತ್ತದೆ. ಅರ್ಧ ಗಂಟೆ ಕಣ್ಣು ತೆರೆದು ನಿಂತವನಿಗೆ ಗುಬ್ಬಚ್ಚಿ ಸಿಗಲಿಲ್ಲ ಎಂಬುದು ಅದರಿಂದ ತಿಳಿಯುತ್ತದೆ. ಮಣ್ಣಗುಡ್ಡೆಯ ನನ್ನ ಮೊದಲ ಎಂಟು ಪಟ್ಟಿಗಳಲ್ಲಿ ಕಾಗೆ, ಪಾರಿವಾಳ, ಮೈನಾ, ಪಿಕಳಾರ, ಮಡಿವಾಳ ಹಕ್ಕಿ, ಸೂರಕ್ಕಿ, ಒಮ್ಮೆ ಕೆಂಬೂತ, ಎಲ್ಲವೂ ಇದ್ದವು, ಗುಬ್ಬಚ್ಚಿ ಇರಲಿಲ್ಲ. ಇಲ್ಲವೆಂದು ಕೊರಗುವುದಕ್ಕೂ ಇಲ್ಲವೆಂದು ಬರೆದಿಡುವುದಕ್ಕೂ ಇರುವ ಅಂತರ ಆ ಎಂಟು ಭಾನುವಾರಗಳಲ್ಲಿ ನನಗೆ ಅರಿವಾಯಿತು.

ಭಾನುವಾರ ಮಣ್ಣಗುಡ್ಡೆಯಾದರೆ ಶನಿವಾರ ಬಂದರು. ಕಚೇರಿಗೆ ಹೋಗುವ ಮೊದಲು, ಆರೂ ಮುಕ್ಕಾಲರಿಂದ ಏಳೂ ಮುಕ್ಕಾಲರವರೆಗೆ, ಸಗಟು ಅಂಗಡಿಗಳ ಎದುರಿನ ಚಹಾ ಗೂಡಂಗಡಿಯ ಬೆಂಚು ನನ್ನ ಆಸನ. ಮಣ್ಣಗುಡ್ಡೆಯಿಂದ ಅಲ್ಲಿಗೆ ಕುದ್ರೋಳಿಯ ಮೂಲಕ ಸ್ಕೂಟರಿನಲ್ಲಿ ಹತ್ತು ನಿಮಿಷ. ಆ ಹತ್ತು ನಿಮಿಷದ ದೂರದಲ್ಲಿ ಸೊನ್ನೆ ನಲವತ್ತಾಗುತ್ತಿತ್ತು. ಏಕೆ ಎಂಬ ಪ್ರಶ್ನೆಗೆ ಉತ್ತರವನ್ನು ಪುಸ್ತಕದಲ್ಲಿ ಹುಡುಕುವ ಮೊದಲು ಅಲ್ಲಿಯೇ ಕುಳಿತು ನೋಡಿದೆ. ಲಾರಿಯಿಂದ ಮೂಟೆ ಇಳಿಸುವ ಹಮಾಲರ ಕೈಯಲ್ಲಿ ಕಬ್ಬಿಣದ ಕೊಕ್ಕೆ ಇರುತ್ತದೆ. ಗೋಣಿಗೆ ಕೊಕ್ಕೆ ಸಿಕ್ಕಿಸಿ ಎಳೆದಾಗ ಆಗುವ ತೂತಿನಿಂದ, ಲಾರಿಯಿಂದ ಗೋದಾಮಿನ ಬಾಗಿಲವರೆಗೆ ಕುಚ್ಚಲಕ್ಕಿಯ ಸಣ್ಣ ಗೆರೆಯೊಂದು ನೆಲದ ಮೇಲೆ ಎಳೆದಂತಾಗುತ್ತದೆ. ಆ ಗೆರೆಯ ಮೇಲೆ ಗುಬ್ಬಚ್ಚಿಗಳು ಕುಪ್ಪಳಿಸುತ್ತ ಬರುತ್ತವೆ. ಅಂಗಡಿ ಗುಡಿಸಿ ಹೊರಗೆಸೆಯುವ ನುಚ್ಚು, ಹೊಟ್ಟು, ಕಲ್ಲು ಬೆರೆತ ಕಾಳು ಅವುಗಳ ಎರಡನೆಯ ಊಟ. ನನ್ನ ಬೀದಿಯ ಸೂಪರ್ ಮಾರ್ಕೆಟ್ಟಿನಲ್ಲಿ ಅಕ್ಕಿ ಬರುವುದು ಅಂಚು ಬೆಸೆದ ಪ್ಲಾಸ್ಟಿಕ್ ಚೀಲದಲ್ಲಿ. ಅಲ್ಲಿ ಒಂದು ಕಾಳೂ ನೆಲಕ್ಕೆ ಬೀಳುವುದಿಲ್ಲ.

ಎಣಿಸುವುದು ನಾನೆಣಿಸಿದಷ್ಟು ಸುಲಭವಾಗಿರಲಿಲ್ಲ. ಮೂಟೆ ಕುಳಿತಲ್ಲೇ ಕುಳಿತಿರುತ್ತದೆ, ಗುಬ್ಬಚ್ಚಿ ಹಾಗಲ್ಲ. ಒಂದೇ ಗುಂಪು ತಂತಿಯಿಂದ ನೆಲಕ್ಕೆ, ನೆಲದಿಂದ ಮಾಡಿಗೆ ಹಾರುತ್ತಿದ್ದರೆ ಅದನ್ನೇ ಮೂರು ಸಲ ಎಣಿಸಿ ನೂರು ಎಂದು ಬರೆಯುವ ಅಪಾಯವಿದೆ. ಕೊನೆಗೆ ಕಂಡುಕೊಂಡ ಉಪಾಯವೆಂದರೆ, ಒಂದು ಗಂಟೆಯಲ್ಲಿ ಒಮ್ಮೆಗೇ ಕಣ್ಣಿಗೆ ಬಿದ್ದ ಅತಿ ಹೆಚ್ಚಿನ ಸಂಖ್ಯೆಯನ್ನು ಮಾತ್ರ ಬರೆಯುವುದು. ಕೈಗಾಡಿಯೊಂದು ಸದ್ದು ಮಾಡುತ್ತ ಹೋದಾಗ ಎಲ್ಲವೂ ಒಟ್ಟಿಗೆ ಎದ್ದು ವಿದ್ಯುತ್ ತಂತಿಯ ಮೇಲೆ ಕೂರುತ್ತವೆ. ಆಗ ಎಡದಿಂದ ಬಲಕ್ಕೆ ಎಣಿಸಿಬಿಡಬೇಕು. ಕೈಗಾಡಿಗಾಗಿ ಕಾಯುತ್ತ ಕುಳಿತ ನನ್ನನ್ನು ಬಾಕಿ ವಸೂಲಿಗೆ ಬಂದವನೆಂದು ಕೆಲವರು ಮೊದಮೊದಲು ತಿಳಿದಿದ್ದರಂತೆ.

ಗಂಡು ಹೆಣ್ಣಿನ ವ್ಯತ್ಯಾಸ ನನಗೆ ಗೊತ್ತಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ನೆತ್ತಿ ಬೂದು, ಕಣ್ಣಿನ ಹಿಂದಿನಿಂದ ಕತ್ತಿನವರೆಗೆ ಕಾಚಿನ ಬಣ್ಣ, ಗಂಟಲಿನಿಂದ ಎದೆಗೆ ಇಳಿದ ಕಪ್ಪು ಪಟ್ಟಿ, ಇದು ಗಂಡು. ಹೆಣ್ಣು ಮಾಸಲು ಕಂದು ಬಣ್ಣದ್ದು, ಕಣ್ಣಿನ ಮೇಲೆ ತಿಳಿಬಣ್ಣದ ಹುಬ್ಬಿನ ಗೆರೆ. ಇದು ಯಾರಾದರೂ ಹೇಳಬಹುದಾದ ಮಾತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಪ್ಪು ಪಟ್ಟಿಯ ಕಥೆ. ಮರಿಗಳ ಗಲಾಟೆಯೆಲ್ಲ ಮುಗಿದ ಮೇಲೆ ಗುಬ್ಬಚ್ಚಿ ಗರಿ ಉದುರಿಸಿ ಹೊಸ ಗರಿ ತಳೆಯುತ್ತದೆ. ಹೊಸ ಗರಿಯ ಬುಡ ಕಪ್ಪಾಗಿದ್ದರೂ ತುದಿ ಬೂದು ಬಣ್ಣದ್ದಾದ್ದರಿಂದ ಪಟ್ಟಿ ಮಬ್ಬಾಗಿ ಕಾಣುತ್ತದೆ. ತಿಂಗಳುಗಳು ಕಳೆದಂತೆ ಆ ತುದಿಗಳು ಸವೆದು, ಜೋಡಿಯಾಗುವ ಕಾಲಕ್ಕೆ ಒಳಗಿನ ಕಪ್ಪು ಪೂರ್ತಿ ಹೊರಗೆ ಬರುತ್ತದೆ. ಹೊಸ ಗರಿ ಹುಟ್ಟುವುದಿಲ್ಲ, ಹಳೆಯದು ಸವೆದೇ ಮದುಮಗನ ಉಡುಪಾಗುತ್ತದೆ. ಕೊಕ್ಕು ಮಾತ್ರ ನಿಜವಾಗಿಯೇ ಬಣ್ಣ ಬದಲಿಸುತ್ತದೆ. ಆ ಕಾಲದಲ್ಲಿ ಅಚ್ಚ ಕಪ್ಪು, ಉಳಿದಾಗ ಮಾಸಿದ ಕೊಂಬಿನ ಬಣ್ಣ. ಏಪ್ರಿಲ್‌ನಲ್ಲಿ ನಾನು ಕಂಡ ಬಹುತೇಕ ಗಂಡುಗಳ ಕೊಕ್ಕು ಇದ್ದಲಿನಂತಿತ್ತು.

ಅಂಥ ಒಂದು ಕರಿಕೊಕ್ಕಿನ ಗಂಡು ಬೇಳೆಕಾಳಿನ ಅಂಗಡಿಯೊಂದರ ಶಟರಿನ ಮೇಲೆ ಕುಳಿತು ಇಡೀ ಬೆಳಿಗ್ಗೆ ಒಂದೇ ರಾಗ ಹಾಡುತ್ತಿತ್ತು. ಹಾಡು ಎನ್ನುವುದು ಔದಾರ್ಯದ ಮಾತಾಯಿತು. ಚಿಂವ್, ಚಿಂವ್, ಮತ್ತೆ ಚಿಂವ್. ಶಟರು ಸುತ್ತಿಕೊಳ್ಳುವ ಪೆಟ್ಟಿಗೆಯ ತಗಡಿಗೂ ಮುರಕಲ್ಲಿನ ಗೋಡೆಗೂ ನಡುವೆ ಮೂರು ಬೆರಳು ಅಗಲದ ಸಂದಿತ್ತು. ಗಂಡು ಮೊದಲು ಜಾಗ ಹಿಡಿದು, ಆಮೇಲೆ ಹೆಣ್ಣನ್ನು ಕರೆಯುವುದು ಇವುಗಳ ಪದ್ಧತಿ. ಎರಡನೆಯ ಶನಿವಾರ ಹೆಣ್ಣು ಬಂದು ಸಂದಿಯೊಳಗೆ ಇಣುಕಿ ಹೋಯಿತು. ಮೂರನೆಯ ಶನಿವಾರ ಇಬ್ಬರೂ ತೆಂಗಿನ ನಾರು, ಗೋಣಿಯ ದಾರ, ಒಣಹುಲ್ಲು, ಯಾರದೋ ಬೀಡಿ ಕಟ್ಟಿನ ನೂಲು, ಕೋಳಿಯ ಗರಿ ಹೊತ್ತು ಓಡಾಡುತ್ತಿದ್ದವು. ಕಾಗಕ್ಕ-ಗುಬ್ಬಕ್ಕನ ಕಥೆಯಲ್ಲಿ ಗುಬ್ಬಕ್ಕನದು ಮಳೆಗೆ ಜಗ್ಗದ ಅಚ್ಚುಕಟ್ಟಾದ ಮನೆ. ನಿಜದ ಗುಬ್ಬಕ್ಕನ ಮನೆ ಗುಜರಿ ಅಂಗಡಿಯ ಮೂಲೆಯಂತಿರುತ್ತದೆ.

ಮೊಟ್ಟೆ ನೋಡುವ ಆಸೆಯಲ್ಲಿ ನಾನೊಂದು ತಪ್ಪು ಮಾಡಿದೆ. ಪಕ್ಕದ ಅಂಗಡಿಯ ಏಣಿ ಕೇಳಿ ಹತ್ತಿ, ಮೊಬೈಲಿನ ದೀಪ ಹಾಕಿ ಸಂದಿಯೊಳಗೆ ಚಿತ್ರ ತೆಗೆದೆ. ಬಿಳಿಯ ಮೇಲೆ ಬೂದು ಚುಕ್ಕೆಗಳಿದ್ದ ನಾಲ್ಕು ಮೊಟ್ಟೆಗಳು ಚಿತ್ರದಲ್ಲಿ ಚೆನ್ನಾಗಿಯೇ ಬಂದವು. ಆದರೆ ಒಳಗಿದ್ದ ಹೆಣ್ಣು ಹಾರಿಹೋದದ್ದು ನಲವತ್ತು ನಿಮಿಷವಾದರೂ ಮರಳಲಿಲ್ಲ. ಗಂಡು ತಂತಿಯ ಮೇಲೆ ಕುಳಿತು ನನ್ನನ್ನೇ ಬೈಯುತ್ತಿತ್ತು. ಕಾವು ಕೊಡುವುದರಲ್ಲಿ ಗಂಡೂ ಪಾಲುಗೊಳ್ಳುತ್ತದೆಯಾದರೂ, ಕಾವಿಗೆಂದೇ ಹೊಟ್ಟೆಯ ಗರಿ ಉದುರಿ ಬರಿಚರ್ಮವಾಗುವುದು ಹೆಣ್ಣಿಗೆ ಮಾತ್ರ. ಅಂದು ಕಚೇರಿಗೆ ತಡವಾದರೂ ಅದು ಮರಳುವವರೆಗೆ ನಾನು ಬೆಂಚು ಬಿಡಲಿಲ್ಲ. ಆ ಮೇಲೆ ಏಣಿ ಹತ್ತಿಲ್ಲ, ಆ ಚಿತ್ರವನ್ನು ಯಾರಿಗೂ ತೋರಿಸಿಲ್ಲ.

ಸುಮಾರು ಹನ್ನೆರಡು ದಿನದ ಕಾವಿನ ಬಳಿಕ ಮರಿಗಳ ಸಣ್ಣ ಕೀರಲು ಕೇಳಿಸಿತು. ನನ್ನ ಇಡೀ ಅನುಭವದಲ್ಲಿ ಅತಿ ಶ್ರೀಮಂತ ದಿನಗಳೆಂದರೆ ಅವೇ; ಶನಿವಾರದ ನಿಯಮ ಮುರಿದು ಎರಡು ವಾರ ದಿನವೂ ಹೋದೆ. ಅಕ್ಕಿಯ ರಾಶಿಯ ನಡುವೆ ಕಟ್ಟಿದ ಗೂಡಿಗೆ ಮೊದಲ ದಿನಗಳಲ್ಲಿ ಒಂದು ಅಕ್ಕಿ ಕಾಳೂ ಹೋಗಲಿಲ್ಲ. ಹೋದದ್ದೆಲ್ಲ ಹುಳು: ಹಸಿರು ಕಂಬಳಿಹುಳು, ಜೇಡ, ನೊಣ, ಗುರುತಿಸಲಾಗದ ಯಾವುದೋ ರೆಕ್ಕೆಯ ಕೀಟ. ಒಂದು ಬೆಳಿಗ್ಗೆ ಒಂದು ಗಂಟೆಯಲ್ಲಿ ತಂದೆತಾಯಿಗಳು ಸೇರಿ ಹದಿನೇಳು ಸಲ ಬಂದವು. ಹಿಂದಿರುಗುವಾಗ ಬಿಳಿಯ ಪೊಟ್ಟಣವೊಂದನ್ನು ಕೊಕ್ಕಿನಲ್ಲಿ ಕಚ್ಚಿ ದೂರ ಎಸೆಯುತ್ತಿದ್ದವು. ಅದು ಮರಿಯ ಹಿಕ್ಕೆ. ತೆಳುಪೊರೆಯ ಚೀಲದಲ್ಲಿ ಬರುವುದರಿಂದ ಗೂಡು ಗಲೀಜಾಗುವುದಿಲ್ಲ. ಇಷ್ಟು ಹುಳು ಈ ಸಿಮೆಂಟಿನ ಬಂದರಿನಲ್ಲಿ ಎಲ್ಲಿಂದ ಎಂದು ಒಂದು ದಿನ ಹೆಣ್ಣು ಹೋದ ದಿಕ್ಕನ್ನೇ ಹಿಡಿದು ನಡೆದೆ. ಗಲ್ಲಿಯ ಹಿಂದೆ ಮಾಡು ಕುಸಿದ ಹಳೆಯ ಗೋದಾಮೊಂದಿತ್ತು. ಅದರ ಅಂಗಳದಲ್ಲಿ ಆಳೆತ್ತರದ ಕಳೆ, ಗೋಡೆಗೆ ಹಬ್ಬಿದ ಬಳ್ಳಿ, ಒಂದು ನುಗ್ಗೆ ಮರ. ಊರಿನವರ ಕಣ್ಣಿಗೆ ಅದು ಕೊಂಪೆ. ಗುಬ್ಬಚ್ಚಿಗೆ ಅಕ್ಕಿ ಅಂಗಡಿಯಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಬೇಕಾಗಿದ್ದ ಜಾಗ.

ಆ ಕೊಂಪೆಯನ್ನು ಕಂಡ ಮೇಲೆ ನನ್ನ ಮಣ್ಣಗುಡ್ಡೆಯ ಸೊನ್ನೆ ಅರ್ಥವಾಗತೊಡಗಿತು. ನಮ್ಮ ಬಡಾವಣೆಯಲ್ಲಿ ಮರಗಳಿಗೆ ಬರವಿಲ್ಲ, ಆದರೆ ಸಂದುಗಳಿಗೆ ಬರವಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಈ ಊರಿನ ಮನೆಗಳೆಲ್ಲ ಕೆಂಪು ಮಾಡು ಹೊತ್ತವು. ಹಂಚು, ರೀಪು, ಪಕ್ಕಾಸು, ಗೋಡೆಯ ತಲೆ, ಇವು ಕೂಡುವಲ್ಲೆಲ್ಲ ಒಂದೊಂದು ಬೆರಳೆಡೆ ಉಳಿಯುತ್ತಿತ್ತು. ಗುಬ್ಬಚ್ಚಿಗೆಂದು ಯಾರೂ ಬಿಟ್ಟದ್ದಲ್ಲ, ಕಟ್ಟುವ ರೀತಿಯೇ ಹಾಗಿತ್ತು. ತೆನೆ ಹಬ್ಬಕ್ಕೆ ಬಾಗಿಲ ಚೌಕಟ್ಟಿಗೂ ಚಾವಡಿಯ ಕಂಬಕ್ಕೂ ಕಟ್ಟಿದ ಭತ್ತದ ಕದಿರನ್ನು ಅಜ್ಜಿಯ ಮನೆಯ ಗುಬ್ಬಚ್ಚಿಗಳು ವಾರದೊಳಗೆ ಬರಿಯ ಹುಲ್ಲಾಗಿಸುತ್ತಿದ್ದವು. ಅವಕ್ಕೆ ವಸತಿ ಮೇಲೆಯೇ, ಊಟ ಕೆಳಗೆಯೇ. ಈಗಿನ ಕಾಂಕ್ರೀಟು ಗೋಡೆಯಲ್ಲಿ ಬೆರಳು ತೂರಿಸುವ ಜಾಗವಿಲ್ಲ, ಕಿಟಕಿಗೆ ಸೊಳ್ಳೆಪರದೆ, ಅಂಗಳಕ್ಕೆ ಇಂಟರ್‌ಲಾಕು.

ಮೊಬೈಲ್ ಗೋಪುರದಿಂದಲೇ ಗುಬ್ಬಚ್ಚಿ ಸತ್ತಿತು ಎಂಬ ಮಾತನ್ನು ನನ್ನ ಮಾರ್ಚ್ 20ರ ಸಂದೇಶವೂ ಹೇಳಿತ್ತು. ದೇಶದ ಸಾವಿರಾರು ವೀಕ್ಷಕರ ಪಟ್ಟಿಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯನ್ನು ಆಮೇಲೆ ಓದಿದೆ. ಒಟ್ಟು ದೇಶದಲ್ಲಿ ಕಳೆದ 25 ವರ್ಷಗಳಲ್ಲಿ ಗುಬ್ಬಚ್ಚಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಬೆಂಗಳೂರು, ಚೆನ್ನೈ, ದೆಹಲಿ, ಹೈದರಾಬಾದ್, ಕೋಲ್ಕತ್ತ, ಮುಂಬೈಯಂಥ ಮಹಾನಗರಗಳಲ್ಲಿ ಮಾತ್ರ ನಿಧಾನವಾಗಿ ಇಳಿದಿದೆ ಎಂದು ಅದು ಹೇಳುತ್ತದೆ. ಗೋಪುರದ ವಿಕಿರಣವೇ ಕಾರಣ ಎನ್ನಲು ಗಟ್ಟಿ ಪುರಾವೆಯಿಲ್ಲವೆಂದೂ, ಹುಳುಗಳ ಕೊರತೆ ಮತ್ತು ಗೂಡಿನ ಜಾಗದ ಕೊರತೆ ಸಂಭಾವ್ಯ ಕಾರಣಗಳೆಂದೂ ಅಲ್ಲಿದೆ. ಬಂದರಿನ ನನ್ನ ಗೂಡಿನಿಂದ ಒಂದು ಗೋಪುರ ನೇರವಾಗಿ ಕಾಣುತ್ತದೆ. ಅದರಿಂದ ನಾನೇನೂ ಸಾಧಿಸಿದಂತಾಗುವುದಿಲ್ಲ. ಒಂದು ಗೂಡು ಪುರಾವೆಯಲ್ಲ. ಗೋಪುರದ ಕಡೆಗೆ ಕೈ ತೋರಿಸುವಾಗ ನನ್ನ ಮನೆಯ ಗೋಡೆಯ ಕಡೆ ನೋಡಬೇಕಾಗಿರಲಿಲ್ಲ ಎಂಬುದಷ್ಟೇ ನಿಜ.

ಗೋಡೆಗೆ ಪ್ರಾಯಶ್ಚಿತ್ತವಾಗಿ ಮರದ ಗೂಡುಪೆಟ್ಟಿಗೆಯೊಂದನ್ನು ಕೊಂಡು ಬಾಲ್ಕನಿಯಲ್ಲಿ ತೂಗುಹಾಕಿದೆ. ಅದರಲ್ಲಿ ಮಾಡಬಾರದ್ದೆಲ್ಲ ಇತ್ತು. ಗುಬ್ಬಚ್ಚಿಗೆ 32 ಮಿಲಿಮೀಟರಿನ ತೂತು ಸಾಕು, ಇದರದು ಅದರ ಎರಡು ಪಟ್ಟು. ತೂತಿನ ಕೆಳಗೆ ಹಕ್ಕಿ ಕೂರಲೆಂದು ಚೆಂದದ ಕೋಲು ಬೇರೆ. ಅದು ಅನುಕೂಲವಾಗುವುದು ಮರಿ ಕದಿಯಲು ಬರುವ ಕಾಗೆಗೆ. ನಾನು ಅದನ್ನು ಪಡುವಣದ ಬಿಸಿಲಿಗೆ, ಗಾಳಿಗೆ ತೊನೆಯುವಂತೆ ಕಟ್ಟಿದ್ದೆ. ಹದಿನೈದು ದಿನದಲ್ಲಿ ಅಳಿಲೊಂದು ತೆಂಗಿನ ನಾರು ತುಂಬಿ ವಾಸಕ್ಕೆ ಬಂತು. ಈಗಲೂ ಅದೇ ಇದೆ, ಬಾಡಿಗೆಯಿಲ್ಲ.

ಶಟರಿನ ಗೂಡಿನ ಮರಿಗಳು ಹದಿನೈದನೆಯ ದಿನ ಹೊರಬಂದವು. ನಾಲ್ಕು ಮೊಟ್ಟೆಗೆ ಮೂರು ಮರಿ. ಕಟವಾಯಿ ಇನ್ನೂ ಹಳದಿ, ಬಾಲ ಮೊಂಡು. ಬಾಯಿ ತೆರೆದು, ರೆಕ್ಕೆ ನಡುಗಿಸುತ್ತ, ತಂತಿಯ ಮೇಲೆ ತಂದೆಯ ಹಿಂದೆ ಬಿದ್ದಿದ್ದವು. ಒಂದನ್ನು ಅದೇ ದಿನ ಹತ್ತು ಗಂಟೆಯೊಳಗೆ ಕಾಗೆ ಎತ್ತಿಕೊಂಡು ಹೋಯಿತೆಂದು ಚಹಾದವರು ಮರುದಿನ ಹೇಳಿದರು. ಹೆಣ್ಣು ಮೇ ತಿಂಗಳಲ್ಲಿ ಅದೇ ಸಂದಿಯಲ್ಲಿ ಇನ್ನೊಮ್ಮೆ ಮೊಟ್ಟೆಯಿಟ್ಟಿತು.

ಇಷ್ಟರಲ್ಲಿ ಅಂಗಡಿಯ ಮಾಲೀಕರಿಗೂ ಕುತೂಹಲ ಹುಟ್ಟಿತ್ತು. "ನೀವು ಲೆಕ್ಕದವರಲ್ಲವೇ, ಇವು ವರ್ಷಕ್ಕೆ ನನಗೆ ಎಷ್ಟು ನಷ್ಟ ಮಾಡುತ್ತವೆ ಹೇಳಿ" ಎಂದರು. ಹಕ್ಕಿಯ ತೂಕವೇ 25ರಿಂದ 30 ಗ್ರಾಂ, ಅದು ತಿನ್ನುವುದು ಕೊಕ್ಕೆಯ ತೂತಿನಿಂದ ಬಿದ್ದು ಹೇಗೂ ಕಸಬರಿಗೆಗೆ ಹೋಗುವ ಕಾಳು. ಆದ್ದರಿಂದ ಅದನ್ನು ಪುಸ್ತಕದಲ್ಲಿ ತೋರಿಸಬೇಕಾಗಿಲ್ಲ ಎಂದೆ. 1958ರಲ್ಲಿ ಚೀನಾ ಧಾನ್ಯ ತಿನ್ನುತ್ತವೆಂದು ಗುಬ್ಬಚ್ಚಿಗಳನ್ನು ಲಕ್ಷೋಪಲಕ್ಷ ಕೊಲ್ಲಿಸಿ, ಹುಳುಗಳ ಹಾವಳಿ ಹೆಚ್ಚಿದಾಗ 1960ರಲ್ಲಿ ಅವುಗಳ ಹೆಸರನ್ನು ಶತ್ರುಪಟ್ಟಿಯಿಂದ ತೆಗೆದು ತಿಗಣೆಯನ್ನು ಸೇರಿಸಿದ ಕಥೆಯನ್ನೂ ಹೇಳಿದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂಬ ಗಾದೆಯನ್ನು ಒಂದು ದೇಶ ಅಕ್ಷರಶಃ ಆಡಿತೋರಿಸಿದ್ದು ಅವರಿಗೆ ಬಹಳ ಹಿಡಿಸಿತು.

ಜೂನ್ ಬಂತು. ಮಂಗಳೂರಿನ ಮಳೆಯಲ್ಲಿ ಹಕ್ಕಿ ಎಣಿಸುವುದೆಂದರೆ ಕನ್ನಡಕ ಒರೆಸುವುದು ಎಂದೇ ಅರ್ಥ. ಆ ತಿಂಗಳುಗಳ ನನ್ನ ಪಟ್ಟಿಗಳು ತೆಳುವಾಗಿವೆ. ನವೆಂಬರಿನಲ್ಲಿ ಗಂಡುಗಳ ಎದೆಪಟ್ಟಿ ಮಬ್ಬಾಗಿ, ಕೊಕ್ಕಿನ ಕಪ್ಪು ಮಾಸಿತ್ತು. ಹಳೆಯ ಕಟ್ಟಡವೊಂದರ ಕಾಗದದ ಹೂವಿನ ಪೊದೆಯಲ್ಲಿ ಸಂಜೆ ಆರರ ಸುಮಾರಿಗೆ ಅವು ಒಟ್ಟುಗೂಡಿ, ಕತ್ತಲಾಗುವವರೆಗೆ ಜಗಳವೋ ಹರಟೆಯೋ ತಿಳಿಯದ ಗದ್ದಲ ಎಬ್ಬಿಸಿ, ಯಾರೋ ಗುಂಡಿ ಒತ್ತಿದಂತೆ ಒಮ್ಮೆಗೇ ಮೌನವಾಗುವುದನ್ನು ಆ ತಿಂಗಳು ನೋಡಿದೆ. ಪೊದೆಯೊಳಗಿನದನ್ನು ಎಣಿಸಲಾಗದು, ಒಳಗೆ ಹೋಗುವಾಗಲೇ ಎಣಿಸಬೇಕು. ಅರವತ್ತಮೂರರವರೆಗೆ ಎಣಿಸಿದ ದಿನವಿದೆ.

ಈ ಮಾರ್ಚ್ 31ರಂದು ಅದೇ ಗೋದಾಮಿಗೆ ಹೋದಾಗ ಮಾಲೀಕರು ಬೈಕಂಪಾಡಿಯಲ್ಲಿ ಹೊಸ ಗೋದಾಮು ಹಿಡಿದ ಸುದ್ದಿ ಹೇಳಿದರು. ತಗಡಿನ ಮಾಡು, ಕಾಂಕ್ರೀಟು ನೆಲ, ಪ್ಲಾಸ್ಟಿಕ್ ಚೀಲ, ಮೂಟೆ ಎತ್ತಲು ಯಂತ್ರ. ಮಳೆಗಾಲ ಮುಗಿದ ಮೇಲೆ ಸ್ಥಳಾಂತರವಂತೆ. ಬೇಡವೆನ್ನಲು ನಾನು ಯಾರು? ಬಂದರಿನ ಆ ಗಲ್ಲಿಯಲ್ಲಿ ಲಾರಿ ತಿರುಗಿಸುವ ಕಷ್ಟವನ್ನು ಒಂದು ವರ್ಷ ಬೆಂಚಿನಲ್ಲಿ ಕುಳಿತು ನೋಡಿದವನು ನಾನೇ.

ಯಾವ ಲೆಕ್ಕಕ್ಕೂ ಆರಂಭಿಕ ಶಿಲ್ಕು, ಅಂದರೆ ಶುರುವಿನ ದಿನ ಇದ್ದದ್ದೆಷ್ಟು ಎಂಬ ಸಂಖ್ಯೆ, ಬೇಕು. ಕಳೆದ ಶನಿವಾರ ಬಂದರಿಗೆ ಹೋಗದೆ ಬೈಕಂಪಾಡಿಗೆ ಹೋದೆ. ಹೊಸ ಗೋದಾಮಿನ ಗೇಟಿನ ಎದುರು ಆರೂ ಮುಕ್ಕಾಲರಿಂದ ಏಳೂ ಮುಕ್ಕಾಲರವರೆಗೆ ನಿಂತು ಪಟ್ಟಿ ಮಾಡಿದೆ. ಕಾಗೆ 14, ಮೈನಾ 6, ಬೆಳ್ಳಕ್ಕಿ 3, ಪಾರಿವಾಳ 9, ಬೇಲಿಯ ಹುಲ್ಲಿನಲ್ಲಿ ರಾಟವಾಳ 11. ಕಂಡ ಎಲ್ಲ ಹಕ್ಕಿಗಳನ್ನೂ ಸೇರಿಸಿದ್ದೀರಾ ಎಂಬ ಪ್ರಶ್ನೆಗೆ ಹೌದು ಎಂದು ಒತ್ತಿದೆ.